ಕ್ರಷರ್ ಪಕ್ಕ ಚಿಟ್ಟೆ ಜಾಸ್ತಿ ಇವೆ, ಹಾಗಾದರೆ ಧೂಳಿನಿಂದ ತೊಂದರೆ ಇಲ್ವಾ?

ಬಂಡೆಗುಡ್ಡದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾಗಮಂಗಲ ಕಡೆಯ ಹಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಊರ ಹಿಂದೆ ಬಂಡೆಗುಡ್ಡ, ಅಲ್ಲಿ ಕಲ್ಲು ಕ್ವಾರಿ, ಅದರ ಕೆಳಗೆ ಜಲ್ಲಿ ಕ್ರಷರ್. ಮೊನ್ನೆ ಗ್ರಾಮಸಭೆಯಲ್ಲಿ ಧೂಳಿನ ವಿಷಯ ಬಂತು. ಕ್ರಷರ್ ಪರವಾಗಿ ಎದ್ದು ನಿಂತವರೊಬ್ಬರು ಮೊಬೈಲಿನಲ್ಲಿ ವಿಡಿಯೊ ತೋರಿಸಿದರು. ಕ್ರಷರ್‌ಗೆ ಹೋಗುವ ದಾರಿಯಲ್ಲೇ ರಾಶಿ ಹಳದಿ ಚಿಟ್ಟೆಗಳು ನೆಲದ ಮೇಲೆ ಕೂತಿವೆ, ಟಿಪ್ಪರ್ ಬಂದ ತಕ್ಷಣ ಎಲ್ಲ ಒಟ್ಟಿಗೆ ಏಳುತ್ತವೆ. "ಚಿಟ್ಟೆ ಇದ್ದರೆ ಪರಿಸರ ಚೆನ್ನಾಗಿದೆ ಅಂತ ಪುಸ್ತಕದಲ್ಲೇ ಇದೆಯಲ್ಲ ಮೇಷ್ಟ್ರೆ" ಅಂದರು. ಸಭೆಯಲ್ಲಿ ಯಾರೂ ಮತ್ತೆ ಬಾಯಿ ಬಿಡಲಿಲ್ಲ.

ವಿಡಿಯೊ ಸುಳ್ಳಲ್ಲ, ನಾನೇ ಆ ದಾರಿಯಲ್ಲಿ ಹೋಗಿ ನೋಡಿದ್ದೇನೆ, ಚಿಟ್ಟೆ ಇವೆ. ಆದರೆ ಅಲ್ಲಿನ ಬೇಲಿಯ ಎಲೆ ಮುಟ್ಟಿದರೆ ಬೆರಳು ಬೆಳ್ಳಗಾಗುತ್ತದೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಮುಂದಿನ ಸಭೆಗೆ ಸರಿಯಾದ ಉತ್ತರ ಬೇಕು. ತಿಳಿದವರು ಹೇಳಿ.

ಹೊಂಗೆನೆರಳು:
ಸಾರ್, ಚಿಟ್ಟೆ ಕೂತ ಜಾಗದಲ್ಲಿ ನೆಲ ಒದ್ದೆ ಇತ್ತಾ?

ಬಂಡೆಗುಡ್ಡದ ಮೇಷ್ಟ್ರು:
ಹೌದು. ಧೂಳು ಏಳದಿರಲಿ ಅಂತ ಬೆಳಗ್ಗೆ ಟ್ಯಾಂಕರ್‌ನಲ್ಲಿ ನೀರು ಹಾಯಿಸುತ್ತಾರೆ. ಅದೇ ಜಾಗ.

ಹೊಂಗೆನೆರಳು:
ಹಾಗಾದರೆ ನಿಮ್ಮ ಉತ್ತರ ಅರ್ಧ ಅಲ್ಲೇ ಇದೆ. ಒದ್ದೆ ಮಣ್ಣಿನ ಮೇಲೆ ಚಿಟ್ಟೆಗಳು ಗುಂಪು ಕೂರುವುದು ಉಪ್ಪಿನ ಅಂಶ ಹೀರಲು. ದನ ಗಂಜಲ ಹಾಕಿದ ಜಾಗ, ಹೊಳೆ ದಂಡೆಯ ಮರಳು, ಕೆರೆ ಅಂಚು ಎಲ್ಲ ಕಡೆ ಹೀಗೆ ಕೂರುತ್ತವೆ. ಹೂವಿನ ಮಕರಂದದಲ್ಲಿ ಸಕ್ಕರೆ ಇರುತ್ತದೆ, ಸೋಡಿಯಂ ತೀರಾ ಕಡಿಮೆ. ಹಾಗೆ ಕೂರುವುದರಲ್ಲಿ ಬಹುಪಾಲು ಗಂಡು. ಕೂಡುವಾಗ ಆ ಉಪ್ಪನ್ನು ಹೆಣ್ಣಿಗೆ ಕೊಡುತ್ತವೆ, ಅದು ಮೊಟ್ಟೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಸುತ್ತಮುತ್ತ ಎಲ್ಲೂ ಒದ್ದೆ ನೆಲ ಇಲ್ಲದಾಗ ಟ್ಯಾಂಕರ್ ನೀರು ಬಿದ್ದ ಒಂದೇ ದಾರಿಗೆ ಸುತ್ತಲಿನ ಚಿಟ್ಟೆಗಳೆಲ್ಲ ಬರುತ್ತವೆ. ಅದನ್ನು ತೋರಿಸಿ ಇಲ್ಲಿ ಚಿಟ್ಟೆ ಚೆನ್ನಾಗಿವೆ ಎನ್ನುವುದು, ಮದುವೆ ಊಟಕ್ಕೆ ಬಂದವರನ್ನು ಎಣಿಸಿ ಊರಿನ ಜನಸಂಖ್ಯೆ ಹೇಳಿದ ಹಾಗೆ.

ನೀವು ಹೇಳಿದ ಹಳದಿ ಚಿಟ್ಟೆ ಎಮಿಗ್ರಂಟ್ ಇರಬೇಕು. ಅವು ದೂರ ಹಾರುವ ಜಾತಿ. ಅವುಗಳ ಹುಳು ಬೆಳೆಯುವುದು ಕಕ್ಕೆ, ತಗಚೆ ಎಲೆ ಮೇಲೆ. ಕ್ರಷರ್ ಪಕ್ಕದ ಕಕ್ಕೆ ಮರದಲ್ಲಿ ಹುಳು ಇದೆಯಾ ಅಂತ ಕೇಳಿ ನೋಡಿ. ಆ ವಿಡಿಯೊ ಯಾರ ಹತ್ತಿರವೂ ಇರುವುದಿಲ್ಲ.

ಆರುಚಕ್ರ:
ನಂದು ಎರಡು ಟಿಪ್ಪರ್ ಇವೆ, ಅದರ ಸಾಲ ಇನ್ನೂ ತೀರಿಲ್ಲ. ಚಿಟ್ಟೆ ಹೆಸರಲ್ಲಿ ಕ್ವಾರಿ ನಿಲ್ಲಿಸಬೇಕು ಅನ್ನೋರಿಗೆ ಒಂದು ಮಾತು. ನಿಮ್ಮ ಮನೆ ತಳಪಾಯ, ನಿಮ್ಮೂರ ರಸ್ತೆ, ಮೇಷ್ಟ್ರ ಶಾಲೆ, ಎಲ್ಲಕ್ಕೂ ಜಲ್ಲಿ ಬಂದಿದ್ದು ಯಾವುದೋ ಬೆಟ್ಟದಿಂದಲೇ. ಈಗ ಹೊಳೆ ಮರಳು ತೆಗೆಯಬೇಡಿ ಅಂತ ಎಂ-ಸ್ಯಾಂಡ್‌ಗೆ ಬಂದಿದ್ದೂ ನೀವೇ. ಅದೂ ಕ್ರಷರ್‌ನಲ್ಲೇ ಆಗಬೇಕು. ನಮ್ಮ ಹುಡುಗರಿಗೆ ಬೇರೆ ಕೆಲಸ ಎಲ್ಲಿದೆ ಹೇಳಿ.

ಕೆರೆಕೋಡಿ:
ಅಣ್ಣ, ನಿಲ್ಲಿಸಿ ಅಂತ ಇಲ್ಲಿ ಯಾರೂ ಇನ್ನೂ ಹೇಳಿಲ್ಲ. ತೊಂದರೆ ಇದೆಯಾ ಇಲ್ವಾ ಅಂತ ಕೇಳಿದ್ದಾರೆ ಅಷ್ಟೇ.

ಆರುಚಕ್ರ:
ಇವತ್ತು ಕೇಳುತ್ತಾರೆ, ನಾಳೆ ಅರ್ಜಿ ಹಾಕುತ್ತಾರೆ. ನೋಡಿದ್ದೇನೆ.

ಗೂಡು ಗೌಡ:
ನಾನು ರೇಷ್ಮೆ ಮಾಡುವವನು. ಚಿಟ್ಟೆ ಬಗ್ಗೆ ಓದಿಲ್ಲ, ಆದರೆ ಎಲೆ ತಿನ್ನುವ ಹುಳುವಿಗೆ ಕಲ್ಲುಪುಡಿ ಏನು ಮಾಡುತ್ತದೆ ಅಂತ ಮನೆಯಲ್ಲೇ ಕಂಡಿದ್ದೇನೆ. ರೇಷ್ಮೆ ಹುಳುವೂ ಪತಂಗದ ಮರಿಯೇ ಅಲ್ವಾ.

ನಮ್ಮ ಒಂದು ಹಿಪ್ಪುನೇರಳೆ ತೋಟ ಕ್ರಷರ್ ದಾರಿಗೆ ತಾಗಿಕೊಂಡಿದೆ, ಇನ್ನೊಂದು ನಾಲೆ ಕಡೆ. ದಾರಿ ಪಕ್ಕದ ಸೊಪ್ಪು ಹಾಕಿದರೆ ಹುಳು ಮೊದಲು ಮೂತಿ ಇಟ್ಟು ನೋಡುತ್ತದೆ, ಆಮೇಲೆ ಪಕ್ಕಕ್ಕೆ ಸರಿಯುತ್ತದೆ. ಹಸಿವಾದ ಮೇಲೆ ತಿನ್ನುತ್ತದೆ, ಆದರೆ ಅಂಚಿನಲ್ಲಿ ಕೊರೆದು ಬಿಡುತ್ತದೆ. ತಟ್ಟೆಯಲ್ಲಿ ಸೊಪ್ಪು ಉಳಿಯುತ್ತದೆ. ದೊಡ್ಡ ಕಷ್ಟ ಏನೆಂದರೆ ಹುಳು ಹೊಂದಿಕೆಯಾಗಿ ಬೆಳೆಯುವುದಿಲ್ಲ. ಅರ್ಧ ಹುಳು ಜ್ವರಕ್ಕೆ ಕೂತಿರುತ್ತವೆ, ಅರ್ಧ ಇನ್ನೂ ತಿನ್ನುತ್ತಿರುತ್ತವೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಜ್ವರ ಅಂದರೆ ಕಾಯಿಲೆ ಅಲ್ಲ, ಪೊರೆ ಬಿಡುವುದು. ರೇಷ್ಮೆ ಹುಳುವಿಗೆ ನಾಲ್ಕು ಜ್ವರ. ನಾಲ್ಕೂ ದಾಟಿ ಹಣ್ಣಾಗುವಾಗ, ಅಂದರೆ ಗೂಡು ಕಟ್ಟಲು ಸಿದ್ಧವಾಗುವಾಗ, ಒಂದು ತಟ್ಟೆಯ ಹುಳು ಹೆಚ್ಚುಕಮ್ಮಿ ಒಟ್ಟಿಗೆ ಹಣ್ಣಾಗಬೇಕು. ಇಲ್ಲದಿದ್ದರೆ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ತಟ್ಟೆಗೆ, ಹಾಕುವುದು ಹೇಗೆ? ತಡವಾದ ಹುಳು ಕಟ್ಟುವ ಗೂಡು ತೆಳ್ಳಗೆ, ಮಾರ್ಕೆಟ್ಟಿನಲ್ಲಿ ಕೈಗೆತ್ತಿಕೊಂಡವನೇ ಕೆಳಗಿಡುತ್ತಾನೆ.

ಸೊಪ್ಪು ತೊಳೆದು ಹಾಕಿ ಅಂತ ಹೇಳುವವರು ಇದ್ದಾರೆ. ಒದ್ದೆ ಸೊಪ್ಪು ಹಾಕಿದರೆ ಸಪ್ಪೆ ರೋಗ ಬರುತ್ತದೆ. ಒಣಗಿಸಿ ಹಾಕಿದರೆ ಸೊಪ್ಪು ಬಾಡುತ್ತದೆ. ಕ್ರಷರ್‌ನವರ ಹತ್ತಿರ ಹೋಗಿ ಕೇಳಿದೆ, ನೀರು ಹಾಯಿಸುತ್ತೇವೆ ಅಂದರು, ಎರಡು ದಿನ ಹಾಯಿಸಿದರು. ಈಗ ಆ ತೋಟದ ಸೊಪ್ಪು ಮಳೆಗಾಲದಲ್ಲಿ ಮಾತ್ರ ಹುಳುವಿಗೆ, ಮಿಕ್ಕ ತಿಂಗಳು ಕುರಿಗೆ.

ನಮ್ಮ ಹುಳುವಿಗಾದರೆ ನಾವು ಬೇರೆ ತೋಟದ ಸೊಪ್ಪು ತಂದು ಹಾಕುತ್ತೇವೆ. ಬೇಲಿ ಮೇಲಿನ ಹುಳುವಿಗೆ ಯಾರು ತಂದು ಹಾಕುತ್ತಾರೆ?

ಬಂಡೆಗುಡ್ಡದ ಮೇಷ್ಟ್ರು:
ಗೌಡ್ರೆ, ಇದನ್ನು ಸಭೆಯಲ್ಲಿ ನೀವೇ ಬಂದು ಹೇಳಬೇಕು. ನಮ್ಮೂರಲ್ಲೂ ರೇಷ್ಮೆ ಮಾಡುವ ಮನೆಗಳಿವೆ, ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಅವರೆಕಾಯಿ ಸೊಗಡು:
ನಮ್ಮ ಅಜ್ಜಿ ಬದನೆ ಗಿಡಕ್ಕೆ, ಅವರೆ ಬಳ್ಳಿಗೆ ಒಲೆ ಬೂದಿ ಎರಚುತ್ತಿದ್ದರು. ತೊಗರಿಗೆ ಕೆಮ್ಮಣ್ಣು ಕಟ್ಟಿ ಇಡುತ್ತಿದ್ದರು. ಹುಳು ಬೀಳಬಾರದು ಅಂತ. ಪುಡಿ ಬಿದ್ದರೆ ಹುಳು ಬದುಕುವುದಿಲ್ಲ ಅನ್ನುವುದು ಊರಿನವರಿಗೆಲ್ಲ ಗೊತ್ತಿರುವ ವಿಷಯ. ಕ್ರಷರ್‌ನವರು ಅದನ್ನೇ ಇಡೀ ಊರಿಗೆ ಎರಚುತ್ತಿದ್ದಾರೆ.

ಗಂಗೋತ್ರಿ ಪ್ರಾಣಿಶಾಸ್ತ್ರ:
ಅವರೆಕಾಯಿ ಅಕ್ಕ ಹೇಳಿದ್ದು ಸರಿಯಾದ ದಾರಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹುಳುವಿನ ಮೈ ಮೇಲೆ ತೆಳುವಾದ ಮೇಣದ ಪದರ ಇರುತ್ತದೆ, ಮೈಯ ನೀರು ಆರದಂತೆ ಕಾಯುವುದು ಅದೇ. ನುಣ್ಣನೆಯ ಪುಡಿ ಆ ಮೇಣವನ್ನು ಉಜ್ಜುತ್ತದೆ ಅಥವಾ ಹೀರಿಕೊಳ್ಳುತ್ತದೆ, ಹುಳು ಒಣಗುತ್ತದೆ. ಬೂದಿ ಕೆಲಸ ಮಾಡುವುದು ಹೀಗೆ. ಇನ್ನು ಉಸಿರು. ಮರಿಹುಳು ಬಾಯಿಂದ ಉಸಿರಾಡುವುದಿಲ್ಲ. ಮೈಯ ಎರಡೂ ಪಕ್ಕ ಸಾಲಾಗಿ 9 ಜೊತೆ ಸಣ್ಣ ರಂಧ್ರಗಳಿವೆ, ಗಾಳಿ ಹೋಗಿಬರುವುದು ಅಲ್ಲಿಂದ. ಎಲೆಗೆ ಅಂಟಿಕೊಂಡು ತೆವಳುವ ಜೀವಕ್ಕೆ ಧೂಳು ತಪ್ಪಿಸಿಕೊಳ್ಳುವ ಜಾಗವೇ ಇಲ್ಲ.

ಮೂರನೆಯದು ಹಲ್ಲು. ನಮ್ಮ ಕಡೆಯ ಬಂಡೆಯಲ್ಲಿ ಬೆಣಚು ಇದೆ, ಅಂದರೆ ಸಿಲಿಕ. ಹುಲ್ಲಿನ ಒಳಗೇ ಇರುವ ಸಿಲಿಕದಿಂದ ಸೈನಿಕ ಹುಳುವಿನ ದವಡೆ ಸವೆಯುತ್ತದೆ ಅಂತ ಪ್ರಯೋಗದಲ್ಲಿ ತೋರಿಸಿದ್ದಾರೆ. ದವಡೆ ಸವೆದರೆ ತಿನ್ನುವುದು ಕಡಿಮೆ, ತಿಂದದ್ದು ಮೈಗೆ ಹತ್ತುವುದೂ ಕಡಿಮೆ. ಎಲೆಯ ಮೇಲೆ ಪುಡಿಯೇ ಕೂತಿದ್ದರೆ ಹುಳು ಪ್ರತಿ ಕಚ್ಚಿಗೂ ಕಲ್ಲು ಅಗಿಯಬೇಕು. ಗೌಡ್ರು ಹೇಳಿದ "ಅಂಚಿನಲ್ಲಿ ಕೊರೆದು ಬಿಡುತ್ತದೆ" ಅನ್ನುವುದನ್ನು ಓದಿ ನನಗೆ ಇದೇ ನೆನಪಾಯಿತು.

ಮತ್ತೆ ಒಂದು ಮುಖ್ಯ ವಿಷಯ. ಚಿಟ್ಟೆ ರೆಕ್ಕೆ ಬಂದ ಮೇಲೆ ಬೆಳೆಯುವುದೇ ಇಲ್ಲ. ಬೆಳೆಯುವುದೆಲ್ಲ ಹುಳುವಾಗಿದ್ದಾಗ. ಹುಳುವಿಗೆ ಸರಿಯಾದ ಎಲೆ ಸಿಗದಿದ್ದರೆ ಕೋಶ ಚಿಕ್ಕದು, ಚಿಟ್ಟೆ ಚಿಕ್ಕದು, ಅದು ಇಡುವ ಮೊಟ್ಟೆಯೂ ಕಡಿಮೆ. ಅದಕ್ಕೇ ಮೇಷ್ಟ್ರೆ, ಹಾರುವ ಚಿಟ್ಟೆ ನೋಡಿ ಏನೂ ಹೇಳಬೇಡಿ, ಎಲೆ ತಿರುಗಿಸಿ ನೋಡಿ.

ಆರುಚಕ್ರ:
ಮಳೆ ಬಂದರೆ ಧೂಳೆಲ್ಲ ತೊಳೆದು ಹೋಗುತ್ತದೆ. ವರ್ಷ ಪೂರ್ತಿ ಇರುತ್ತದಾ?

ಗಂಗೋತ್ರಿ ಪ್ರಾಣಿಶಾಸ್ತ್ರ:
ಹೌದು ಅಣ್ಣ, ಮಳೆಗಾಲದಲ್ಲಿ ಕಡಿಮೆ. ನಮ್ಮ ಬಯಲುಸೀಮೆಯಲ್ಲಿ ಚಿಟ್ಟೆ ಜಾಸ್ತಿ ಆಗುವುದೂ ಮಳೆ ಬಿದ್ದ ಮೇಲೆಯೇ. ಕಷ್ಟ ಬರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಆಗ ಹಸಿರು ಎಲೆ ಉಳಿಯುವುದು ಬಂಡೆ ಸಂದಿ, ಹಳ್ಳದ ಅಂಚು, ಬಾವಿ ಪಕ್ಕ ಮಾತ್ರ. ಮುಂದಿನ ಮಳೆಗೆ ಬೇಕಾದ ಬೀಜದಷ್ಟು ಚಿಟ್ಟೆ ಉಳಿದುಕೊಳ್ಳುವುದು ಆ ತುಣುಕು ಹಸಿರಿನಲ್ಲೇ. ಕ್ವಾರಿ ಮೊದಲು ಅಗೆಯುವುದು ಬಂಡೆ ಸಂದಿಯನ್ನೇ ಅಲ್ವಾ.

ಕ್ಯಾಮೆರಾ ಕಣ್ಣು:
ಮೈಸೂರಿನ ಒಳಗೆ ಓಡಾಡಿ ಫೋಟೊ ತೆಗೆಯುವವನು ನಾನು. ಒಂದು ವಿಷಯ ಗಮನಿಸಿದ್ದೇನೆ. ಹಳೇ ಕ್ವಾರಿ ಹೊಂಡ, ಲೇಔಟ್‌ಗೆ ಅಗೆದು ಬಿಟ್ಟ ಜಾಗ, ಇಲ್ಲೆಲ್ಲ ಪ್ಲೇನ್ ಟೈಗರ್, ಗ್ರಾಸ್ ಯೆಲ್ಲೋ, ಲೆಮನ್ ಪ್ಯಾನ್ಸಿ ಬೇಕಾದಷ್ಟು. ಫೋಟೊಗೆ ಇಷ್ಟು ಒಳ್ಳೆ ಜಾಗ ಇಲ್ಲ. ಹಾಗಾಗಿ ಎಲ್ಲ ಗಣಿಯೂ ಕೆಟ್ಟದು ಅನ್ನುವುದನ್ನು ಒಪ್ಪುವುದಿಲ್ಲ.

ಹೊಂಗೆನೆರಳು:
ನೀವು ಹೇಳಿದ ಮೂರೂ ಹೆಸರು ನೋಡಿ. ಪ್ಲೇನ್ ಟೈಗರ್ ಹುಳು ತಿನ್ನುವುದು ಎಕ್ಕ. ಗ್ರಾಸ್ ಯೆಲ್ಲೋ ತಗಚೆ ತಿನ್ನುತ್ತದೆ. ಅಗೆದು ಬಿಟ್ಟ ಮಣ್ಣಲ್ಲಿ ಮೊದಲು ಏಳುವುದು ಎಕ್ಕ, ತಗಚೆ, ಪಾರ್ಥೇನಿಯಂ. ಲೆಮನ್ ಪ್ಯಾನ್ಸಿಗೂ ಬಯಲೇ ಇಷ್ಟ. ನೆಲ ಕೆಡಿಸಿದಷ್ಟೂ ಇವು ಜಾಸ್ತಿ ಆಗುತ್ತವೆ. ಬೆಟ್ಟದ ಬುಡದ ಕುರುಚಲಲ್ಲಿ ಈಶ್ವರಿ ಬಳ್ಳಿ ಹಬ್ಬಿರುತ್ತದೆ, ಕ್ರಿಮ್ಸನ್ ರೋಸ್, ಕಾಮನ್ ರೋಸ್ ಹುಳುಗಳು ತಿನ್ನುವುದು ಆ ಬಳ್ಳಿಯ ಜಾತಿಯನ್ನು ಮಾತ್ರ. ನಮ್ಮ ರಾಜ್ಯದ ಚಿಟ್ಟೆ ಅಂತ ಮಾಡಿರುವ ದೊಡ್ಡ ಬರ್ಡ್‌ವಿಂಗ್ ಕೂಡ ಘಟ್ಟದಲ್ಲಿ ಇದೇ ಕುಟುಂಬದ ಬಳ್ಳಿ ನಂಬಿಕೊಂಡಿದೆ. ಜೆಜೆಬೆಲ್ ಚಿಟ್ಟೆ ಬೇಕಾದರೆ ಮರದ ಮೇಲೆ ಬೆಳೆಯುವ ಬದನಿಕೆ ಅನ್ನುವ ಪರಾವಲಂಬಿ ಗಿಡ ಬೇಕು, ಬದನಿಕೆ ಬೇಕಾದರೆ ಹಳೇ ಮರ ಬೇಕು. ಬಳ್ಳಿ, ಮರ ಹೋದ ದಿನ ಇವು ಹೋದವು. ನೀಲಿ ಚಿಟ್ಟೆಗಳ ಮರಿಗಳಲ್ಲಿ ಬಹುಪಾಲಿಗೆ ಇರುವೆಗಳ ಜೊತೆ ನಂಟು, ಇರುವೆ ಮೈಗಾವಲು, ಹುಳು ಸಿಹಿ ರಸ ಕೊಡುತ್ತದೆ. ಹಿಟಾಚಿ ಮೇಲ್ಮಣ್ಣು ಎತ್ತಿದ ಮೇಲೆ ಇರುವೆ ಗೂಡು ಎಲ್ಲಿ?

ಕ್ಯಾಮೆರಾದಲ್ಲಿ ಚಿಟ್ಟೆ ತುಂಬಿರಬಹುದು, ಆದರೆ ಅದೇ ಅದೇ ನಾಲ್ಕು ಜಾತಿ.

ಕ್ಯಾಮೆರಾ ಕಣ್ಣು:
ಆದರೆ ಹೊರದೇಶದ ಅಧ್ಯಯನ ಇದೆಯಲ್ಲ. ಜೆಕ್ ದೇಶದಲ್ಲಿ ಸುಣ್ಣಕಲ್ಲಿನ ಹಳೇ ಕ್ವಾರಿಗಳು ಅಪರೂಪದ ಚಿಟ್ಟೆಗಳಿಗೆ ಆಸರೆ ಅಂತ 2003ರಲ್ಲೇ ಬರೆದಿದ್ದಾರೆ.

ಗಂಗೋತ್ರಿ ಪ್ರಾಣಿಶಾಸ್ತ್ರ:
ಆ ಅಧ್ಯಯನ ನಿಜ, ಒಳ್ಳೆಯದೂ ಹೌದು. ಆದರೆ ಅದು ಏನು ಹೇಳುತ್ತದೆ ಅಂತ ಪೂರ್ತಿ ನೋಡಬೇಕು. ಅಲ್ಲಿ ಒಣ ಹುಲ್ಲುಗಾವಲು ಎಲ್ಲ ಕಡೆ ಮಾಯವಾಗುತ್ತಿತ್ತು. ಕೆಲಸ ನಿಂತ ಕ್ವಾರಿಯ ಬಿಸಿಲಿನ ಇಳಿಜಾರುಗಳಲ್ಲಿ ಅದೇ ಗಿಡಗಳು ತಾವಾಗಿ ಬಂದವು, ಪಕ್ಕದ ಹುಲ್ಲುಗಾವಲಿನಿಂದ ಚಿಟ್ಟೆ ಬಂತು. ಮರ ನೆಟ್ಟು "ಸರಿ ಮಾಡಿದ" ಕ್ವಾರಿಗಿಂತ ಸುಮ್ನೆ ಬಿಟ್ಟಿದ್ದೇ ಚಿಟ್ಟೆಗೆ ಒಳ್ಳೆಯದು ಅಂತ ಅವರ ವಾದ. ಅದು ನಿಂತ ಕ್ವಾರಿಯ ಮಾತು, ನಡೆಯುತ್ತಿರುವ ಕ್ರಷರ್‌ನ ಮಾತಲ್ಲ. ಬರಬೇಕಾದರೆ ಪಕ್ಕದಲ್ಲಿ ಉಳಿದಿರಬೇಕು ಅನ್ನುವುದು ಇನ್ನೊಂದು ಷರತ್ತು.

ಚಿನಕುರಳಿ ಹೈದ:
ಉಳಿದಿರಬೇಕು ಅಂದಿದ್ದಕ್ಕೆ ಹೇಳುತ್ತೇನೆ. ಬೇಬಿ ಬೆಟ್ಟ ಗೊತ್ತಲ್ಲ, ಪಾಂಡವಪುರ ತಾಲ್ಲೂಕು. ಅದು ಅಮೃತ್‌ಮಹಲ್ ಕಾವಲು, ದನ ಮೇಯಲು ಬಿಟ್ಟ ಹುಲ್ಲುಗಾವಲು. ಈಗಲೂ ಅಲ್ಲಿ ದನಗಳ ಜಾತ್ರೆ ನಡೆಯುತ್ತದೆ. ಆ ಕಾವಲಿನಲ್ಲಿ ಕಲ್ಲು ತೆಗೆದೂ ತೆಗೆದೂ ಬೆಟ್ಟ ಹೇಗಾಗಿದೆ ಅಂತ ಒಂದು ಸಲ ಹೋಗಿ ನೋಡಿ. 2024ರ ಜನವರಿಯಲ್ಲಿ ಹೈಕೋರ್ಟ್ ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂದಿತು. ಅದೂ ಅಣೆಕಟ್ಟೆಗೆ ಸ್ಫೋಟದಿಂದ ಏನಾಗುತ್ತದೋ ಅನ್ನುವ ಭಯಕ್ಕೆ. ಹುಲ್ಲು, ಹುಳು, ಹಕ್ಕಿ ಅಂತ ಯಾರೂ ಕೇಳಲಿಲ್ಲ. ಅಣೆಕಟ್ಟೆ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಆರ್‌ಎಸ್ ದೂರ ಇರುವ ಊರುಗಳ ಬೆಟ್ಟಕ್ಕೆ ಯಾರು ದಿಕ್ಕು?

ಆರುಚಕ್ರ:
ಆ ಆದೇಶದಿಂದ ಎಷ್ಟು ಜನ ಕೆಲಸ ಕಳೆದುಕೊಂಡರು ಅಂತಲೂ ಬರೆಯಿರಿ. ಉಳಿ ಸುತ್ತಿಗೆ ಹಿಡಿದು ಕಲ್ಲು ಒಡೆಯುವವರೂ ಕೂತರು. ಅವರು ಸ್ಫೋಟ ಮಾಡುವವರಲ್ಲ.

ಚಿನಕುರಳಿ ಹೈದ:
ಅದನ್ನು ಒಪ್ಪುತ್ತೇನೆ. ಕೈಯಲ್ಲಿ ಒಡೆಯುವವರಿಗೂ ಬೆಟ್ಟವನ್ನೇ ಪುಡಿ ಮಾಡುವವರಿಗೂ ಒಂದೇ ನಿಯಮ ಆಗಬಾರದು.

ಪುಟ್ಟಿ ಅಮ್ಮ:
ನಮ್ಮ ಮನೆ ಕ್ವಾರಿಗೆ ಹತ್ತಿರ. ಕರಿಬೇವಿನ ಗಿಡದಲ್ಲಿ ಮಗಳು ಹುಳು ಸಾಕಿದ್ದಳು, ಬಾಟಲಿಯಲ್ಲಿ ಇಟ್ಟು. ಚಿಟ್ಟೆ ಹೊರಗೆ ಬಂತು, ಒಂದು ರೆಕ್ಕೆ ಮುರುಟಿಕೊಂಡಿತ್ತು, ಹಾರಲಿಲ್ಲ. ಮಗಳು ಎರಡು ದಿನ ಅತ್ತಳು. ಇದು ಕ್ವಾರಿ ಧೂಳಿಂದಲೇ ಅಂತ ನನಗೆ ಖಾತ್ರಿ.

ಹೊಂಗೆನೆರಳು:
ಮಗಳಿಗೆ ಸಮಾಧಾನ ಹೇಳಿ ಅಕ್ಕ, ಅವಳು ಮಾಡಿದ್ದು ಒಳ್ಳೆ ಕೆಲಸ. ಕರಿಬೇವಿನದ್ದು ಕಾಮನ್ ಮಾರ್ಮನ್ ಇರಬೇಕು. ಆದರೆ ರೆಕ್ಕೆ ಮುರುಟಲು ಕಾರಣ ತುಂಬಾ ಇವೆ. ಕೋಶದಿಂದ ಬಂದ ಮೇಲೆ ತಲೆಕೆಳಗಾಗಿ ನೇತುಬೀಳಲು ಜಾಗ ಬೇಕು, ಆಗಲೇ ರೆಕ್ಕೆಗೆ ದ್ರವ ತುಂಬಿ ಬಿಚ್ಚಿಕೊಳ್ಳುವುದು. ನುಣುಪಾದ ಬಾಟಲಿಯಲ್ಲಿ ಕಾಲು ನಿಲ್ಲದೆ ಬಿದ್ದರೆ ಹೀಗಾಗುತ್ತದೆ. ಗಾಳಿ ತೀರಾ ಒಣಗಿದ್ದರೂ ಆಗುತ್ತದೆ. ಒಂದು ಚಿಟ್ಟೆ ಹಿಡಿದು ಸಭೆಗೆ ಹೋದರೆ ಅವರು ಒಂದೇ ಮಾತಲ್ಲಿ ತಳ್ಳಿಹಾಕುತ್ತಾರೆ. ಮುಂದಿನ ಸಲ ಬಾಟಲಿ ಒಳಗೆ ಒರಟು ಕಡ್ಡಿ ಇಡಲು ಹೇಳಿ, ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ.

ಪುಟ್ಟಿ ಅಮ್ಮ:
ಸರಿ. ಹೇಳುತ್ತೇನೆ. ಆದರೆ ಧೂಳು ಕಾರಣ ಅಲ್ಲ ಅಂತಲೂ ನೀವು ಹೇಳಲಾರಿರಿ.

ಹೊಂಗೆನೆರಳು:
ಹೇಳುವುದಿಲ್ಲ. ಒಂದರಿಂದ ಎರಡೂ ಹೇಳಲು ಆಗುವುದಿಲ್ಲ.

ಕೆರೆಕೋಡಿ:
ಸಿಡಿತದ ಸದ್ದಿಗೆ ಹುಳುವಿಗೆ ಏನಾದರೂ ಆಗುತ್ತಾ? ಹುಳುವಿಗೆ ಕಿವಿ ಇದೆಯಾ?

ಗಂಗೋತ್ರಿ ಪ್ರಾಣಿಶಾಸ್ತ್ರ:
ನಮ್ಮ ಥರ ಕಿವಿ ಇಲ್ಲ, ಕೂದಲುಗಳಿಂದ ಕಂಪನ ತಿಳಿಯುತ್ತವೆ. ಅಮೆರಿಕದ ಮೊನಾರ್ಕ್ ಹುಳುಗಳಿಗೆ ಹೆದ್ದಾರಿ ಸದ್ದು ಕೇಳಿಸಿ ನೋಡಿದ್ದಾರೆ, 2018ರಲ್ಲಿ. ಎರಡು ಗಂಟೆ ಕೇಳಿಸಿದಾಗ ಎದೆಬಡಿತ ಏರಿತು. 12 ದಿನ ಬಿಡದೆ ಕೇಳಿಸಿದವುಗಳಲ್ಲಿ ಏರಲಿಲ್ಲ, ಒಗ್ಗಿಹೋಗಿದ್ದವು. ಮೊನಾರ್ಕ್ ನಮ್ಮ ಪ್ಲೇನ್ ಟೈಗರ್‌ನ ನೆಂಟ. ಆದರೆ ರಸ್ತೆ ಸದ್ದು ಎಡೆಬಿಡದೆ ಬರುತ್ತದೆ, ಸ್ಫೋಟ ದಿನಕ್ಕೊಮ್ಮೆ ಇದ್ದಕ್ಕಿದ್ದಂತೆ. ಅದನ್ನು ಇದಕ್ಕೆ ಹಚ್ಚಿ ಹೇಳುವುದು ಸರಿಯಲ್ಲ. ಸಭೆಯಲ್ಲಿ ಸದ್ದಿನ ಮಾತು ಬಿಡಿ, ಧೂಳು ಮತ್ತು ಗಿಡ ಹಿಡಿದುಕೊಳ್ಳಿ.

ಕಬ್ಬಿನ ಗದ್ದೆ:
ಎಲ್ಲ ಕ್ರಷರ್ ತಲೆಗೆ ಕಟ್ಟುತ್ತಿದ್ದೀರಿ. ನಾವು ಭತ್ತಕ್ಕೆ, ತರಕಾರಿಗೆ ಹೊಡೆಯುವ ಔಷಧಿ? ಕಳೆನಾಶಕ ಹೊಡೆದು ಬದುವಿನ ಮೇಲೆ ಒಂದು ತಗಚೆ ಉಳಿಸುವುದಿಲ್ಲ ನಾವು. ವಿಸಿ ನಾಲೆ ಬಯಲಲ್ಲಿ ಕ್ರಷರ್ ಇಲ್ಲ, ಆದರೂ ನನ್ನ ಚಿಕ್ಕಂದಿನಷ್ಟು ಚಿಟ್ಟೆ ಈಗ ಇಲ್ಲ.

ಅವರೆಕಾಯಿ ಸೊಗಡು:
ಇದು ಸತ್ಯ. ಬದು ಬೋಳಾಗಿದೆ.

ಗಂಗೋತ್ರಿ ಪ್ರಾಣಿಶಾಸ್ತ್ರ:
ಒಪ್ಪಲೇಬೇಕು. ಅದಕ್ಕೇ ಹೋಲಿಸುವಾಗ ಎಚ್ಚರ ಬೇಕು. ಕ್ರಷರ್ ಪಕ್ಕದ ಬೆಟ್ಟವನ್ನು ನಾಲೆ ಬಯಲಿನ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಬಂಡೆಗುಡ್ಡಕ್ಕೆ ಬಂಡೆಗುಡ್ಡವೇ ಬೇಕು. ನಾಗಮಂಗಲ ತಾಲ್ಲೂಕಿನಲ್ಲೇ ಆದಿಚುಂಚನಗಿರಿ ನವಿಲುಧಾಮ ಇದೆ, ಅದೇ ಥರದ ಬಂಡೆ, ಕುರುಚಲು. ಅಲ್ಲಿ ಯಾವ ಗಿಡ ಇವೆ ಅಂತ ಮೊದಲು ನೋಡಿಕೊಳ್ಳಿ. ನಿಮ್ಮ ಗುಡ್ಡದಲ್ಲಿ ಏನು ಇರಬೇಕಿತ್ತು ಅಂತ ಗೊತ್ತಾಗುತ್ತದೆ.

ದಸರಾ ದೀಪ:
ಚಿಟ್ಟೆ ನೋಡಬೇಕಾದರೆ ಮೈಸೂರಿನ ಕಾರಂಜಿ ಕೆರೆಯಲ್ಲಿ ಚಿಟ್ಟೆ ಪಾರ್ಕ್ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಜಿಲ್ಲಾ ಖನಿಜ ನಿಧಿ ದುಡ್ಡಿನಲ್ಲಿ ನಿಮ್ಮೂರಲ್ಲೂ ಒಂದು ಪಾರ್ಕ್ ಮಾಡಿಸಬಹುದಲ್ವಾ? ಗಣಿಯೂ ನಡೆಯಲಿ, ಚಿಟ್ಟೆಯೂ ಇರಲಿ.

ಚಿನಕುರಳಿ ಹೈದ:
ಗಣಿ ಕಾಯ್ದೆಯ 2015ರ ತಿದ್ದುಪಡಿಯಲ್ಲಿ ಆ ನಿಧಿ ಬಂದಿದ್ದೇ ಗಣಿಯಿಂದ ತೊಂದರೆಗೆ ಒಳಗಾದ ಜನಕ್ಕೆ, ಜಾಗಕ್ಕೆ. ಕುಡಿಯುವ ನೀರು, ಆಸ್ಪತ್ರೆ ಬಿಟ್ಟು ಪಾರ್ಕ್ ಕಟ್ಟಿದರೆ ಊರಿನವರು ಸುಮ್ಮನಿರುತ್ತಾರಾ?

ಹೊಂಗೆನೆರಳು:
ಪಾರ್ಕಿನಲ್ಲಿ ಹೂಗಿಡ ನೆಟ್ಟು ಬೋರ್ಡ್ ಹಾಕುತ್ತಾರೆ. ಹುಳು ಕಂಡರೆ ಮಾಲಿ ಔಷಧಿ ಹೊಡೆಯುತ್ತಾನೆ, ನಾನೇ ಕಂಡಿದ್ದೇನೆ, ಯಾವ ಊರು ಅಂತ ಬೇಡ. ಬೇಲಿ ಕಡಿಯದೆ ಬಿಟ್ಟರೆ ಸಾಕು, ದುಡ್ಡೇ ಬೇಡ.

ದಸರಾ ದೀಪ:
ಕ್ರಷರ್ ಸುತ್ತ ಹಸಿರು ಪಟ್ಟಿ ಮಾಡಬೇಕು ಅಂತ ಷರತ್ತು ಇರುತ್ತದಲ್ಲ. ಅಲ್ಲೇ ಕಕ್ಕೆ, ಬಿಲ್ವ, ಹೊಂಗೆ ನೆಡಿಸಿ. ಎಮಿಗ್ರಂಟ್, ಲೈಮ್ ಚಿಟ್ಟೆ, ಹೊಂಗೆ ಚಿಗುರು ತಿನ್ನುವ ಬ್ಯಾಂಡೆಡ್ ಆಲ್, ಎಲ್ಲ ಬರುತ್ತವೆ.

ಗಂಗೋತ್ರಿ ಪ್ರಾಣಿಶಾಸ್ತ್ರ:
ಇಲ್ಲಿ ನಿಂತು ಯೋಚಿಸಬೇಕು. ಹಸಿರು ಪಟ್ಟಿ ಮಾಡುವುದೇ ಧೂಳು ಹಿಡಿಯಲು. ಅಂದರೆ ಊರಿನ ಎಲ್ಲ ಗಿಡಕ್ಕಿಂತ ಜಾಸ್ತಿ ಧೂಳು ಕೂರುವುದು ಆ ಮರಗಳ ಎಲೆಯ ಮೇಲೆ. ಅಲ್ಲಿಗೇ ಹೆಣ್ಣು ಚಿಟ್ಟೆಯನ್ನು ಮೊಟ್ಟೆ ಇಡಲು ಕರೆದರೆ ಹೇಗೆ? ಹೆಣ್ಣು ಮುಂಗಾಲಿನಿಂದ ಎಲೆ ತಟ್ಟಿ ರುಚಿ ನೋಡಿ ಗಿಡ ಗುರುತಿಸುತ್ತದೆ. ಕಲ್ಲುಪುಡಿ ಮೆತ್ತಿದ ಎಲೆಯಲ್ಲಿ ಗುರುತು ಸಿಗದೆ ಹೋಗಬಹುದು, ಸಿಕ್ಕಿ ಮೊಟ್ಟೆ ಇಟ್ಟರೆ ಹುಳುವಿಗೆ ಕಷ್ಟ. ಕ್ರಷರ್‌ಗೆ ತಾಗಿದ ಸಾಲಿಗೆ ದಟ್ಟ ಎಲೆಯ ಬೇರೆ ಮರ ಹಾಕಲಿ. ಕಕ್ಕೆ, ಬಿಲ್ವ, ಈಶ್ವರಿ ಬಳ್ಳಿ ಊರ ಕಡೆ, ಗಾಳಿ ಕ್ರಷರ್ ಧೂಳನ್ನು ಹೊತ್ತು ತಾರದ ಜಾಗದಲ್ಲಿ ಇರಲಿ. ಮುಂಗಾರಲ್ಲಿ ಗಾಳಿ ಪಡುವಣದಿಂದ ಬರುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಧೂಳು ಜಾಸ್ತಿ ಇರುವ ತಿಂಗಳ ಗಾಳಿ ನೋಡಿ ಜಾಗ ಆರಿಸಿ.

ಕಾಗದ ಪತ್ರ:
ಮೇಷ್ಟ್ರೆ, ಸಭೆಗೆ ಹೋಗುವ ಮೊದಲು ಒಂದು ಕಾಗದ ತರಿಸಿಕೊಳ್ಳಿ. 2012ರಲ್ಲಿ ಸುಪ್ರೀಂ ಕೋರ್ಟ್ 5 ಹೆಕ್ಟೇರಿಗಿಂತ ಚಿಕ್ಕ ಕಲ್ಲು ಗಣಿ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಅಂದಿತು. ಆ ಅನುಮತಿ ಪತ್ರದಲ್ಲಿ ಷರತ್ತುಗಳ ಪಟ್ಟಿ ಇರುತ್ತದೆ. ಷರತ್ತು ಪಾಲಿಸಿದ್ದೇವೆ ಅಂತ ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರದಿ ಕೊಡಬೇಕು. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ಪ್ರಕಾರ ಆ ವರದಿ ಸಾರ್ವಜನಿಕರಿಗೆ ತೆರೆದ ದಾಖಲೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನೀರು ಎಷ್ಟು ಸಲ ಹಾಯಿಸುತ್ತೇವೆ ಅಂತ ಅವರೇ ಬರೆದಿದ್ದರೆ ಅದನ್ನೇ ಓದಿ ಹೇಳಿ. ಜಗಳ ಬೇಕಾಗುವುದಿಲ್ಲ.

ಆರುಚಕ್ರ:
ನೀರು ಹಾಯಿಸುವುದು, ಟಿಪ್ಪರ್‌ಗೆ ಟಾರ್ಪಲ್ ಕಟ್ಟುವುದು, ಕ್ರಷರ್‌ಗೆ ತಗಡು ಮುಚ್ಚುವುದು, ಇವುಗಳಿಗೆ ನನ್ನ ವಿರೋಧ ಇಲ್ಲ. ಧೂಳು ಮೊದಲು ಕುಡಿಯುವವರು ನಮ್ಮ ಡ್ರೈವರ್‌ಗಳೇ. ಟಾರ್ಪಲ್ ಕಟ್ಟಲು ಹೊತ್ತು ಹಿಡಿಯುತ್ತದೆ, ಟ್ರಿಪ್ ಕಮ್ಮಿ ಆಗುತ್ತದೆ ಅಂತ ಬಿಡುತ್ತಾರೆ. ಎಲ್ಲರಿಗೂ ಕಡ್ಡಾಯ ಮಾಡಿದರೆ ನಾನೂ ಕಟ್ಟುತ್ತೇನೆ. ಒಬ್ಬನೇ ಕಟ್ಟಿದರೆ ನನಗೆ ನಷ್ಟ.

ಗೂಡು ಗೌಡ:
ಈ ಮಾತು ನಮ್ಮ ಊರ ಕ್ರಷರ್‌ನವರ ಬಾಯಲ್ಲೂ ಬಂದರೆ ನನ್ನ ತೋಟ ಉಳಿಯುತ್ತದೆ ತಮ್ಮ.

ಬಂಡೆಗುಡ್ಡದ ಮೇಷ್ಟ್ರು:
ಎಲ್ಲರಿಗೂ ಧನ್ಯವಾದ. ಅರ್ಜಿ ಇವತ್ತೇ ಬರೆಯುತ್ತೇನೆ. ಮಕ್ಕಳ ಕೈಲಿ ಒಂದು ಲೆಕ್ಕ ಮಾಡಿಸಬೇಕು ಅಂತ ಇದೆ. ಚಿಟ್ಟೆ ಎಣಿಸುವುದಾ, ಹುಳು ಎಣಿಸುವುದಾ? ಹೇಗೆ ಅಂತ ಹೇಳಿ.

ಗಂಗೋತ್ರಿ ಪ್ರಾಣಿಶಾಸ್ತ್ರ:
ಎರಡೂ, ಆದರೆ ಬೇರೆ ಬೇರೆ. ಹಾರುವ ಚಿಟ್ಟೆಗೆ ಬ್ರಿಟನ್‌ನಲ್ಲಿ 1976ರಿಂದ ನಡೆಸುತ್ತಿರುವ ವಿಧಾನ ಸುಲಭ. ಒಂದೇ ದಾರಿ, ಒಂದೇ ವೇಗ, ಎಡಕ್ಕೆ ಎರಡೂವರೆ ಮೀಟರ್, ಬಲಕ್ಕೆ ಎರಡೂವರೆ, ಮುಂದೆ ಐದು ಮೀಟರ್ ಒಳಗೆ ಕಂಡದ್ದು ಮಾತ್ರ ಲೆಕ್ಕ. ವಾರಕ್ಕೊಮ್ಮೆ, ಬಿಸಿಲಿದ್ದಾಗ. ಒದ್ದೆ ನೆಲದ ಗುಂಪನ್ನು ಪ್ರತ್ಯೇಕ ಬರೆಯಲಿ. ಬ್ಲೂ ಟೈಗರ್ ಚಿಟ್ಟೆಗಳನ್ನೂ ಪ್ರತ್ಯೇಕ ಬರೆಯಲಿ, ಅವು ಮುಂಗಾರಿಗೆ ಮೊದಲು ಘಟ್ಟದಿಂದ ಮೂಡಣಕ್ಕೆ, ಅಕ್ಟೋಬರ್ ನವೆಂಬರ್‌ನಲ್ಲಿ ವಾಪಸ್ ಹೋಗುವ ದಾರಿಹೋಕರು. ಅವನ್ನು ಊರಿನ ಲೆಕ್ಕಕ್ಕೆ ಸೇರಿಸಿದರೆ ಸಂಖ್ಯೆ ಸುಮ್ನೆ ಉಬ್ಬುತ್ತದೆ.

ಮುಖ್ಯವಾದದ್ದು ಹುಳು. ಒಂದೇ ಜಾತಿ ಗಿಡ ಆರಿಸಿ. ಎಕ್ಕ ಎಲ್ಲ ಕಡೆ ಸಿಗುತ್ತದೆ. ಕ್ರಷರ್ ಹತ್ತಿರ ಕೆಲವು, ನಡುವೆ ಕೆಲವು, ದೂರ ಕೆಲವು, ಹೆಚ್ಚುಕಮ್ಮಿ ಒಂದೇ ಎತ್ತರದವು. ಎಲೆ ತಿರುಗಿಸಿ ಮೊಟ್ಟೆ, ಚಿಕ್ಕ ಹುಳು, ದೊಡ್ಡ ಹುಳು ಬೇರೆ ಬೇರೆ ಬರೆಯಲಿ. ಹತ್ತಿರದ ಗಿಡದಲ್ಲಿ ಮೊಟ್ಟೆ ಇದ್ದೂ ದೊಡ್ಡ ಹುಳು ಇಲ್ಲದಿದ್ದರೆ ನಡುವೆ ಏನೋ ಆಗುತ್ತಿದೆ ಅಂತ ಅರ್ಥ. ಮೊಟ್ಟೆಯೇ ಇಲ್ಲದಿದ್ದರೆ ಹೆಣ್ಣು ಆ ಗಿಡ ಬೇಡ ಅಂದಿದೆ. ಧೂಳಿಗೆ, ಎಲೆಯ ಮೇಲೆ ಸೆಲೋಟೇಪ್ ಒತ್ತಿ ಎತ್ತಿ ಕರಿ ಕಾಗದಕ್ಕೆ ಅಂಟಿಸಿ, ಗಿಡದ ನಂಬರ್ ಬರೆಯಿರಿ. ಸಭೆಯಲ್ಲಿ ಆ ಕಾಗದವನ್ನೇ ಹಂಚಬಹುದು.

ಹೊಂಗೆನೆರಳು:
ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಮಕ್ಕಳಿಗೆ ಮೊದಲೇ ಹೇಳಿ. ಎಲೆ ಕೀಳುವುದು ಬೇಡ, ತಿರುಗಿಸಿದರೆ ಸಾಕು.

ಅವರೆಕಾಯಿ ಸೊಗಡು:
ಎಕ್ಕ ಧೂಳಿಗೂ ಜಗ್ಗದ ಗಿಡ ಅಲ್ವಾ? ಅದರಲ್ಲಿ ವ್ಯತ್ಯಾಸ ಕಾಣದಿದ್ದರೆ?

ಗಂಗೋತ್ರಿ ಪ್ರಾಣಿಶಾಸ್ತ್ರ:
ಕಾಣದಿದ್ದರೆ ಕಾಣಲಿಲ್ಲ ಅಂತಲೇ ಬರೆಯಬೇಕು. ಅದಕ್ಕೇ ಜೊತೆಗೆ ಕರಿಬೇವು ಅಥವಾ ನಿಂಬೆ ಇರಲಿ.

ಪುಟ್ಟಿ ಅಮ್ಮ:
ನಮ್ಮ ಹಿತ್ತಲ ನಿಂಬೆ, ಕರಿಬೇವು ಬಳಸಿಕೊಳ್ಳಿ ಮೇಷ್ಟ್ರೆ. ಮಗಳೂ ಬರುತ್ತಾಳೆ. ಆದರೆ ನಿಂಬೆಗೆ ಹೋದ ವಾರ ಅವರಪ್ಪ ಔಷಧಿ ಹೊಡೆದಿದ್ದಾರೆ.

ಹೊಂಗೆನೆರಳು:
ಹಾಗಾದರೆ ನಿಂಬೆ ಈಗ ಬೇಡ, ಹೊಸ ಚಿಗುರು ಬಂದ ಮೇಲೆ ನೋಡೋಣ. ಅಲ್ಲಿಯವರೆಗೆ ಕರಿಬೇವು ಸಾಕು. ಅದಕ್ಕೆ ಏನೂ ಹೊಡೆಯಬೇಡಿ ಅಂತ ಅವರಪ್ಪನಿಗೆ ಹೇಳಿಬಿಡಿ.